ಮಿಡಲ್‌ಬರ್ಗ್ ಹತ್ತಿರದ ಕುದುರೆ ಲಾಯದಲ್ಲಿ ಒಂದು ಶನಿವಾರ

ಅಕ್ಟೋಬರ್ ತಿಂಗಳು. ವರ್ಜೀನಿಯಾದ ಆಶ್‌ಬರ್ನ್‌ನಲ್ಲಿರುವ ತಂಗಿಯ ಮನೆಯಿಂದ ತಿಂಡಿ ಮುಗಿಸಿ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳ ಹದಿನಾಲ್ಕು ವರ್ಷದ ಮಗಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಅವಳಪ್ಪ ತೀರಿಕೊಂಡು ಒಂದೂವರೆ ವರ್ಷ. ಅಂದಿನಿಂದ ಹುಡುಗಿ ಮಾತು ಕಡಿಮೆ ಮಾಡಿದ್ದಳು. ಕನ್ನಡವನ್ನಂತೂ ಪೂರ್ತಿ ಬಿಟ್ಟಿದ್ದಳು. ನಾನು ಮೈಸೂರಿಂದ ಬಂದು ಮೂರು ವಾರವಾದರೂ ಒಂದು ಸಲ ‘ದೊಡ್ಡಮ್ಮ’ ಅಂದಿರಲಿಲ್ಲ.

“ಕುದುರೆ ಜೊತೆ ಹೊತ್ತು ಕಳೆಯೋ ಈ ಚಿಕಿತ್ಸೆ ಅವಳಿಗೆ ಒಗ್ಗಿದ ಹಾಗಿದೆ ಅಕ್ಕ. ಇವತ್ತು ಐದನೇ ವಾರ. ನೀನೂ ನೋಡು ಬಾ” ಎಂದಿದ್ದಳು ತಂಗಿ.

ರೂಟ್ 50 ಹಿಡಿದು ಪಶ್ಚಿಮಕ್ಕೆ ಹೋದಂತೆ ಮನೆಗಳು ಕಮ್ಮಿಯಾಗಿ ಕಲ್ಲಿನ ಗೋಡೆಗಳು, ಮರದ ಬೇಲಿಗಳು, ಹುಲ್ಲುಗಾವಲು ಶುರುವಾದವು. ದೂರದಲ್ಲಿ ಬ್ಲೂ ರಿಡ್ಜ್ ಬೆಟ್ಟದ ಸಾಲು. ಮಿಡಲ್‌ಬರ್ಗ್ ಕುದುರೆಗಳಿಗೇ ಹೆಸರಾದ ಪುಟ್ಟ ಊರು. ಅಲ್ಲಿನ ನ್ಯಾಷನಲ್ ಸ್ಪೋರ್ಟಿಂಗ್ ಲೈಬ್ರರಿ ಮುಂದೆ ಕಂಚಿನ ಕುದುರೆಯೊಂದಿದೆ. ಅದರ ಮೇಲೆ ಸವಾರನಿಲ್ಲ. ಬಡಕಲು ಮೈ, ಜೋತುಬಿದ್ದ ತಲೆ. ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ, ಗಾಯಗೊಂಡ, ರೋಗ ಬಂದು ಅಳಿದ 15 ಲಕ್ಷ ಕುದುರೆ ಮತ್ತು ಹೇಸರಗತ್ತೆಗಳ ನೆನಪಿಗೆ ನಿಲ್ಲಿಸಿದ್ದು. ನಾನು ನೋಡಿದ ಕುದುರೆ ಪ್ರತಿಮೆಗಳಲ್ಲೆಲ್ಲ ಗೆದ್ದವನೊಬ್ಬ ಮೇಲೆ ಕೂತಿರುತ್ತಿದ್ದ. ಇದರ ಮುಂದೆ ಬಹಳ ಹೊತ್ತು ನಿಂತೆ.

ಕುದುರೆ ಚಿಕಿತ್ಸೆ ಅಂದರೆ ಸವಾರಿ ಅಂದುಕೊಂಡಿದ್ದೆ. ಅದರಲ್ಲಿ ತಪ್ಪೇನಿಲ್ಲ, ಶುರುವಾದದ್ದು ಹಾಗೇ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ 1944ರಲ್ಲಿ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಶಕ್ತಿ ಹೋಯಿತು. ಕುದುರೆ ಹತ್ತಲು, ಇಳಿಯಲು ಬೇರೆಯವರ ಸಹಾಯ ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಕುದುರೆಯ ಮೇಲೆ ಬೆಳ್ಳಿ ಪದಕ ಗೆದ್ದರು. ಅದನ್ನು ಕಂಡು ಯುರೋಪಿನಲ್ಲಿ ಚಿಕಿತ್ಸೆಯ ಸವಾರಿಗೆ ಜೀವ ಬಂತು. ಅಮೆರಿಕದಲ್ಲಿ ಇಂಥ ಕೇಂದ್ರಗಳು ಸೇರಿ ಸಂಘ ಕಟ್ಟಿಕೊಂಡದ್ದು 1969ರಲ್ಲಿ.

ನಾವು ಹೋದ ಕಡೆ ಮಾತ್ರ ಯಾರೂ ಕುದುರೆ ಹತ್ತಲಿಲ್ಲ. ಕೈಕಾಲಿನ ಬಲಕ್ಕಾದರೆ ಸವಾರಿ. ಮನಸ್ಸಿನ ನೋವಿಗೆ ಹೆಚ್ಚಾಗಿ ನೆಲದ ಮೇಲೆ ನಿಂತೇ ಕೆಲಸ. ಒಬ್ಬರು ಮನಸ್ಸಿನ ಚಿಕಿತ್ಸೆ ಕಲಿತ ಆಪ್ತಸಮಾಲೋಚಕಿ, ಇನ್ನೊಬ್ಬರು ಕುದುರೆ ಬಲ್ಲವರು. ಇಬ್ಬರೂ ಇದ್ದರೇ ಇದು ಚಿಕಿತ್ಸೆ ಅಂತ ನನಗನ್ನಿಸಿತು. ಇಲ್ಲದಿದ್ದರೆ ಬರೀ ಕುದುರೆ ನೋಡಿ ಬಂದ ಹಾಗೆ.

ಇಪ್ಪತ್ತೆರಡು ವರ್ಷದ ಮುದಿ ಕುದುರೆ, ಕಂದು ಬಣ್ಣ. ಹುಡುಗಿ ಹೆಗಲು ಬಿಗಿಹಿಡಿದು ಒಳಗೆ ಹೋದಳು. ಕುದುರೆ ಕಿವಿ ನಿಮಿರಿಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ಯಾರೂ ಏನೂ ಹೇಳಲಿಲ್ಲ. ಅವಳು ಸುಮ್ನೆ ನಿಂತಳು. ಐದು ನಿಮಿಷವಾಗಿರಬೇಕು. ಭುಜ ಕೆಳಗಿಳಿಯಿತು, ಉಸಿರು ನಿಧಾನವಾಯಿತು. ಕುದುರೆ ತಲೆ ತಗ್ಗಿಸಿ ತಾನಾಗೇ ಹತ್ತಿರ ಬಂತು. ಕಾಡಿನಲ್ಲಿ ಬೇರೆ ಪ್ರಾಣಿಗೆ ಆಹಾರವಾಗುತ್ತಿದ್ದ ಜೀವ ಅದು. ಎದುರಿಗಿರುವವರ ಮೈಯ ಬಿಗಿತ ಅದಕ್ಕೆ ಬೇಗ ತಿಳಿಯುತ್ತದೆ. “ನಾನು ಚೆನ್ನಾಗೇ ಇದ್ದೀನಿ” ಅಂತ ಅದಕ್ಕೆ ಸುಳ್ಳು ಹೇಳೋಕಾಗಲ್ಲ, ಅಲ್ವಾ?

ಆಮೇಲೆ ಮೈ ಉಜ್ಜುವ ಕೆಲಸ. ಅದಕ್ಕೊಂದು ನಿಯಮ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಹಿಂದೆ ಸದ್ದಿಲ್ಲದೆ ಹೋದರೆ ಬೆಚ್ಚಿ ಒದೆಯಬಹುದು. ಹಾಗಾಗಿ ಈ ಪಕ್ಕದಿಂದ ಆ ಪಕ್ಕಕ್ಕೆ ಹೋಗುವಾಗ ಬೆನ್ನ ಮೇಲೆ ಕೈಯಿಟ್ಟು ಮಾತಾಡುತ್ತಲೇ ಇರಬೇಕು. ಯಾವ ಭಾಷೆಯಾದರೂ ಸರಿ, ದನಿ ಕೇಳುತ್ತಿದ್ದರೆ ಸಾಕು.

ಹಿಂದಿನ ನಾಲ್ಕು ವಾರ ಅವಳು ಒಂದೇ ಪಕ್ಕ ಉಜ್ಜಿ ಬ್ರಷ್ ಕೆಳಗಿಟ್ಟಿದ್ದಳಂತೆ. ಯಾರೂ ಬಲವಂತ ಮಾಡಿರಲಿಲ್ಲ. ಇವತ್ತು ಬಾಲದ ಹತ್ತಿರ ಬಂದು ನಿಂತಳು. ಕುದುರೆಯ ಒಂದು ಕಿವಿ ಅವಳ ಕಡೆ ತಿರುಗಿತು. ಅವಳು ಬೆನ್ನ ಮೇಲೆ ಕೈಯಿಟ್ಟಳು.

“ಇಲ್ಲೇ ಇದ್ದೀನಿ ಕಣೋ. ಇಲ್ಲೇ ಇದ್ದೀನಿ.”

ತಂಗಿ ನನ್ನ ಮುಂಗೈ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಮಗಳಿಗೆ ಕತ್ತಲೆಂದರೆ ಭಯ. ದೀಪ ಆರಿಸಿದ ಮೇಲೆ ಅವಳಪ್ಪ ಬಾಗಿಲಾಚೆ ನಿಂತು ಹೇಳುತ್ತಿದ್ದ ಮಾತು ಅದು. ಬೇಲಿಯ ಇತ್ತ ನಾವಿಬ್ಬರೂ ಅಳುತ್ತಿದ್ದೆವು. ಅತ್ತ ಅವಳು ಇನ್ನೊಂದು ಪಕ್ಕ ಉಜ್ಜಲು ಶುರುಮಾಡಿದ್ದಳು. ಸಮಾಲೋಚಕಿಗೆ ಕನ್ನಡ ಬಾರದು. ಆದರೂ ಏನೋ ಗೊತ್ತಾಗಿರಬೇಕು, ಮುಗಿಯುವವರೆಗೂ ಪ್ರಶ್ನೆ ಕೇಳದೆ ದೂರವೇ ನಿಂತಿದ್ದರು. ಆಮೇಲೆ ಇಬ್ಬರೂ ಹುಲ್ಲಿನ ಕಟ್ಟಿನ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಏನೆಂದು ನಾವು ಕೇಳಲಿಲ್ಲ.

ವಾಪಸ್ ಬರುವಾಗ ಮತ್ತೆ ಆ ಕಂಚಿನ ಕುದುರೆ ದಾಟಿದೆವು. ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು.

“ದೊಡ್ಡಮ್ಮ, ಮುಂದಿನ ವಾರನೂ ಬರ್ತೀಯಾ?”