ಕಳ್ಳ ಪಿಡಿಎಫ್ ತೆಗೆಸುವ ಕೆಲಸ: ಮುಂಬಯಿ ಲೇಖಕರ ಪುಸ್ತಕಗಳು, ಈ ಸುತ್ತಿನ ಪ್ರಗತಿ

ಮುಂಬಯಿ ಲೇಖಕರ ಕನ್ನಡ ಪುಸ್ತಕಗಳ ಕಳ್ಳ ಪಿಡಿಎಫ್‌ಗಳನ್ನೂ ಯೂಟ್ಯೂಬಿನಲ್ಲಿ ಅನುಮತಿಯಿಲ್ಲದೆ ನಡೆಯುವ ಪೂರ್ಣ ವಾಚನಗಳನ್ನೂ ತೆಗೆಸುವ ಕೆಲಸ ಸದ್ಯ ಹೀಗಿದೆ: ಹಕ್ಕಿನ ಕಾಗದ ಹೊಂದಿಸುವುದು ಬಹುಪಾಲು ಮುಗಿದಿದೆ, ಹುಡುಕಾಟ ಅರ್ಧಕ್ಕೆ ಬಂದಿದೆ, ನೋಟಿಸ್‌ಗಳು ಹೋಗುತ್ತಿವೆ, ಒಂದು ತಾಣ ಮಾತ್ರ ಜಗ್ಗುತ್ತಿಲ್ಲ. ನೋಟಿಸ್ ಬರೆಯುವುದು ಇದರಲ್ಲಿ ಎಲ್ಲಕ್ಕಿಂತ ಸಣ್ಣ ಭಾಗ. ಪುಸ್ತಕ ಯಾರದು, ಕಡತ ನಿಜವಾಗಿ ಯಾವ ಸರ್ವರಿನಲ್ಲಿದೆ ಎಂಬ ಎರಡು ಪ್ರಶ್ನೆಗೆ ಕೈಯಲ್ಲಿ ಉತ್ತರ ಇಲ್ಲದಿದ್ದರೆ ಎಷ್ಟು ಖಡಕ್ಕಾಗಿ ಬರೆದರೂ ಅದು ವಾಪಸು ಬರುತ್ತದೆ.

ಹಕ್ಕಿನ ಕಾಗದ

ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬರುವ ಹಿರಿಯ ಲೇಖಕರಲ್ಲಿ ಹೆಚ್ಚಿನವರು ಪ್ರಕಾಶಕರ ಜತೆ ಬಾಯಿಮಾತಿನಲ್ಲೇ ವ್ಯವಹಾರ ಮುಗಿಸಿದವರು. ಈ ಕೆಲಸದಲ್ಲಿ ಅದು ಅನುಕೂಲಕ್ಕೇ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ಪ್ರಕಾರ ಬರಹದಲ್ಲಿ, ಸಹಿಯೊಂದಿಗೆ ಇಲ್ಲದ ಹಕ್ಕು ವರ್ಗಾವಣೆ ಊರ್ಜಿತವಲ್ಲ. ಹಾಗಾಗಿ ಹಕ್ಕು ಲೇಖಕರಲ್ಲೇ ಉಳಿದಿರುತ್ತದೆ. ಒಪ್ಪಂದ ಪತ್ರ ಇದ್ದರೆ ಮೊದಲು ಅವಧಿ ನೋಡಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಕಾಯಿದೆಯೇ ಹೇಳುತ್ತದೆ. 1998ರಲ್ಲಿ ಸಹಿಯಾದ ಅಂಥ ಪತ್ರ ಹಿಡಿದುಕೊಂಡು ಪ್ರಕಾಶಕರು ಇಂದು ನೋಟಿಸ್ ಕಳಿಸಿದರೆ ಅದಕ್ಕೆ ಆಧಾರವಿಲ್ಲ. ಲೇಖಕರೇ ಕಳಿಸಬೇಕು, ಇಲ್ಲವೇ ಹೊಸ ಪತ್ರ ಆಗಬೇಕು.

ಮರಾಠಿಯಿಂದ ಕನ್ನಡಕ್ಕೆ ಬಂದ ಪುಸ್ತಕಗಳು ಇಲ್ಲಿ ಬಹಳ. ಅನುಮತಿ ಪಡೆದು ಮಾಡಿದ ಅನುವಾದದ ಹಕ್ಕು ಅನುವಾದಕರದು, ಮೂಲದ ಹಕ್ಕು ಮೂಲ ಲೇಖಕರದು. ಕಳ್ಳ ಪ್ರತಿಯಲ್ಲಿರುವುದು ಕನ್ನಡ ಪಠ್ಯವಾದ್ದರಿಂದ ಅನುವಾದಕರ ಸಹಿ ಸಾಕು, ಆದರೆ ಅನುಮತಿ ಪತ್ರದ ಪ್ರತಿ ಕಡತದಲ್ಲಿರಲಿ. ಪತ್ರಿಕೆಯ ಸಂಬಳದ ನೌಕರರಾಗಿದ್ದಾಗ ಬರೆದ ಅಂಕಣಗಳಲ್ಲಿ ಬೇರೆ ಕರಾರು ಇಲ್ಲದಿದ್ದರೆ, ಪತ್ರಿಕೆ ಅಥವಾ ನಿಯತಕಾಲಿಕದಲ್ಲಿ ಪ್ರಕಟಿಸುವ ಹಕ್ಕಷ್ಟೇ ಮಾಲೀಕರದು. ಪುಸ್ತಕದ ಹಕ್ಕು ಬರೆದವರದೇ.

ಲೇಖಕರು ತೀರಿಕೊಂಡಿದ್ದರೆ ಮುಂದಿನ ವರ್ಷದ ಆರಂಭದಿಂದ 60 ವರ್ಷ ಲೆಕ್ಕ. 1965ರಲ್ಲಿ ಅಥವಾ ಅದಕ್ಕೂ ಮೊದಲು ತೀರಿಕೊಂಡವರು ಬದುಕಿದ್ದಾಗ ಪ್ರಕಟಿಸಿದ ಕೃತಿ 2026ರ ಜನವರಿ 1ರಿಂದ ಎಲ್ಲರದು; ಅದಕ್ಕೆ ನೋಟಿಸ್ ಕಳಿಸಬಾರದು. ವಿಮರ್ಶೆಯಲ್ಲಿ ಉಲ್ಲೇಖಿಸಿದ ಪುಟಕ್ಕೂ ಅಷ್ಟೇ. ಗೊತ್ತಿದ್ದೂ ಸುಳ್ಳು ನೋಟಿಸ್ ಕಳಿಸಿದವರಿಂದ ಅಮೆರಿಕದ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆಯಾದ ಡಿಎಂಸಿಎಯ 512(ಎಫ್) ಕಲಂ ಅಡಿಯಲ್ಲಿ ನಷ್ಟ ವಸೂಲಿ ಮಾಡಬಹುದು. ನಮ್ಮಲ್ಲೂ ಆಧಾರವಿಲ್ಲದ ಬೆದರಿಕೆಯ ವಿರುದ್ಧ ಕೃತಿಸ್ವಾಮ್ಯ ಕಾಯಿದೆಯ 60ನೇ ಕಲಂ ಇದೆ.

ಹೊಸ ಮುದ್ರಣದ ಆಸೆಯೇ ಇಲ್ಲದ ಹಳೆಯ ಪುಸ್ತಕಗಳ ವಿಷಯದಲ್ಲಿ ಮೊದಲು ಲೇಖಕರನ್ನೇ ಕೇಳುತ್ತಿದ್ದೇವೆ. "ಇರಲಿ ಬಿಡಿ, ಹಾಗಾದರೂ ಯಾರಾದರೂ ಓದಲಿ" ಅನ್ನುವವರಿದ್ದಾರೆ. ಅಂಥವು ಪಟ್ಟಿಯಿಂದ ಹೊರಗೆ.

ಹುಡುಕಾಟ

ಕನ್ನಡದ ಕೆಲಸ ಇಂಗ್ಲಿಷಿನದಕ್ಕಿಂತ ಕಷ್ಟವಾಗುವುದು ಇಲ್ಲಿ. ಪುಸ್ತಕದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಏನೂ ಸಿಗದು. ಕಾರಣ ಹೆಚ್ಚಾಗಿ ಮೂರು.

ಮೊದಲನೆಯದು, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಒಳಗೆ ಪಠ್ಯವೇ ಇಲ್ಲ. ಎರಡನೆಯದು, 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಪುಟ ಕಟ್ಟಿದ ಪುಸ್ತಕವಾದರೆ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಚುಕ್ಕೆ ಗೆರೆ ಹೊತ್ತ ರೋಮನ್ ಅಕ್ಷರ. ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಅದು ಎಂದೂ ತಾಳೆಯಾಗದು. ಇದಕ್ಕೊಂದು ಉಪಾಯವಿದೆ: ಪ್ರಕಾಶಕರ ಬಳಿ ಇರುವ ಅಸಲು ಪಿಡಿಎಫ್‌ನಿಂದ ಐದಾರು ಪದ ಕಾಪಿ ಮಾಡಿ, ಅಂಟಿಸಿದಾಗ ಬರುವ ಆ ವಿಚಿತ್ರ ಸಾಲನ್ನೇ ಹುಡುಕಬೇಕು. ಎಲ್ಲ ಸಲ ಫಲ ಕೊಡದು. ಕೊಟ್ಟಾಗ ಮಾತ್ರ ಪ್ರಕಾಶಕರ ಡಿಟಿಪಿ ಕಡತವೇ ಸೋರಿದೆ ಎಂಬ ಬಲವಾದ ಸುಳಿವು ಅದು. ಮೂರನೆಯದು, ಯೂನಿಕೋಡ್ ಪಠ್ಯದಲ್ಲೂ ಅಕ್ಷರ ಕೂಡುವ ರೀತಿ ಬದಲಿಸುವ, ಕಣ್ಣಿಗೆ ಕಾಣದ ಸಂಕೇತವನ್ನು ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. 'ಫೋನ್‌ಗೆ', 'ಸೂರ್ಯ' ತರಹದ ಪದಗಳಿರುವ ಸಾಲು ಆರಿಸಿದರೆ ತಪ್ಪಿಹೋಗುವ ಸಂಭವವಿದೆ. ಅರ್ಕಾವತ್ತು, ಅರ್ಧಾಕ್ಷರ ಇಲ್ಲದ ಸಾದಾ ಪದಗಳ ಸಾಲು ಆರಿಸಿ.

ಹೆಚ್ಚು ಫಲ ಕೊಡುವುದು ಕಡತದ ಹೆಸರು. ಅದನ್ನು ಜನ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ದೀರ್ಘಕ್ಕೆ ಒಂದು ಎ, ಎರಡು ಎ. ತ ಮತ್ತು ಥಕ್ಕೆ ಎಚ್ ಇದ್ದೂ ಇಲ್ಲದೆಯೂ. ಪದಗಳ ನಡುವೆ ಅಡಿಗೆರೆ ಅಥವಾ ಖಾಲಿ ಜಾಗ. ಪ್ರತಿ ಶೀರ್ಷಿಕೆಗೆ ಇಂಥ ರೂಪಗಳ ಪಟ್ಟಿ ಮಾಡಿ, ಲೇಖಕರ ಹೆಸರಿನೊಂದಿಗೂ ಹೆಸರಿಲ್ಲದೆಯೂ ಹುಡುಕಬೇಕು. ಐಎಸ್‌ಬಿಎನ್ ಅನ್ನು ಅಡ್ಡಗೆರೆ ಹಾಕಿ ಒಮ್ಮೆ, ಹಾಕದೆ ಒಮ್ಮೆ.

ಸಿಕ್ಕ ಪ್ರತಿಗಳನ್ನು ಕುಟುಂಬಗಳಾಗಿ ವಿಂಗಡಿಸಿದ್ದರಿಂದ ಕೆಲಸ ಹಗುರಾಯಿತು. ಒಂದೇ ಗ್ರಂಥಾಲಯದ ಮುದ್ರೆ, ಒಂದೇ ಕಡೆ ಮಡಚಿದ ಪುಟ, ಬಿಟ್ಟುಹೋದ ಅದೇ ಎರಡು ಪುಟ ಕಂಡರೆ ಸ್ಕ್ಯಾನ್ ಒಂದೇ, ತಾಣ ಮಾತ್ರ ಬೇರೆ. ಎಲ್ಲಕ್ಕಿಂತ ಹಳೆಯ ಅಪ್‌ಲೋಡ್ ಮೊದಲು ತೆಗೆಸಿದರೆ ಅದಕ್ಕೆ ಕೊಂಡಿ ಕೊಟ್ಟು ಕೂತ ಪುಟಗಳು ತಾವಾಗಿ ಸಾಯುತ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನುಗಳಿಗೆ ಮಾತ್ರ ಈ ಲೆಕ್ಕ ಸಾಲದು: ಒಂದೇ ಪುಸ್ತಕ ಹಲವು ಗುರುತುಸಂಖ್ಯೆಗಳಲ್ಲಿ ಕೂತಿರುತ್ತದೆ, ಪ್ರತಿಯೊಂದನ್ನೂ ನಮೂದಿಸಬೇಕು.

ಸಾಕ್ಷ್ಯ

ನೋಟಿಸ್ ಕಳಿಸುವ ಮೊದಲು, ನಂತರವಲ್ಲ. ಪುಟದ ಲಿಂಕ್ ಮತ್ತು ದಿನಾಂಕ ಕಾಣುವಂತೆ ಇಡೀ ಪರದೆಯ ಚಿತ್ರ, ಇಳಿಸಿಕೊಂಡ ಕಡತ, ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಆಜ್ಞೆ ಈ ಹ್ಯಾಶ್ ಕೊಡುತ್ತದೆ. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಆ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ.

ನೋಟಿಸ್

ದೊಡ್ಡ ತಾಣಗಳು ಬಹುಪಾಲು ಅಮೆರಿಕದವಾದ್ದರಿಂದ ಮೊದಲು ಡಿಎಂಸಿಎ. ಬೇಕಾದದ್ದು: ಕೃತಿಯ ಗುರುತು, ಕಳ್ಳ ಪ್ರತಿಯ ನಿಖರ ಲಿಂಕ್, ಸಂಪರ್ಕ ವಿವರ, ಬಳಕೆಗೆ ಅನುಮತಿಯಿಲ್ಲ ಎಂದು ಸದ್ಭಾವದಿಂದ ನಂಬಿದ್ದೇವೆ ಎಂಬ ಮಾತು, ಮಾಹಿತಿ ಸರಿಯೆಂದೂ ಹಕ್ಕುದಾರರ ಪರ ಬರೆಯುವ ಅಧಿಕಾರವಿದೆಯೆಂದೂ ಪ್ರಮಾಣ, ಸಹಿ. ಹೆಸರು ಟೈಪ್ ಮಾಡಿದರೆ ಸಹಿಯಾಯಿತು. ನೋಟರಿ, ಸ್ಟಾಂಪ್ ಪೇಪರ್ ಯಾವುದೂ ಬೇಡ, ಅದಕ್ಕಾಗಿ ಮುಂಬಯಿಯ ಫೋರ್ಟ್ ಪ್ರದೇಶಕ್ಕೆ ಓಡಬೇಕಾಗಿಲ್ಲ. ಕೃತಿಸ್ವಾಮ್ಯದ ನೋಂದಣಿಯೂ ಕಡ್ಡಾಯವಲ್ಲ.

ತಿರಸ್ಕಾರಕ್ಕೆ ಮುಖ್ಯ ಕಾರಣ, ಓದುವ ಸಿಬ್ಬಂದಿಗೆ ಕನ್ನಡ ಬರದಿರುವುದು. ಶೀರ್ಷಿಕೆಯನ್ನು ಕನ್ನಡದಲ್ಲೂ ರೋಮನ್ ಲಿಪಿಯಲ್ಲೂ ಬರೆದು, ಅಸಲು ಪುಸ್ತಕದ ಮತ್ತು ಕಳ್ಳ ಪ್ರತಿಯ ಅದೇ ಪುಟವನ್ನು ಪಕ್ಕಪಕ್ಕ ಇಟ್ಟು, ಅದೇ ಸಾಲಿಗೆ ಕೆಂಪು ಗೆರೆ ಎಳೆದ ಚಿತ್ರ ಲಗತ್ತಿಸಿದರೆ ಲಿಪಿ ಬಾರದವರಿಗೂ ತಾಳೆ ನೋಡಲು ಬರುತ್ತದೆ. ಇನ್ನೊಂದು ಕಾರಣ ಲಿಂಕ್: ಚಾನೆಲ್ಲಿನ ಮುಖಪುಟ ಅಥವಾ ಹುಡುಕಾಟದ ಫಲಿತಾಂಶದ ಪುಟ ಕೊಟ್ಟರೆ ನಡೆಯದು. ಟೆಲಿಗ್ರಾಮ್‌ನ ಸಾರ್ವಜನಿಕ ಚಾನೆಲ್‌ನಲ್ಲಿ ಪ್ರತಿ ಸಂದೇಶಕ್ಕೂ ಕೊನೆಗೆ ಅಂಕಿಯಿರುವ ಸ್ವಂತ ಲಿಂಕ್ ಇದೆ, ಅದನ್ನೇ ಕೊಡಬೇಕು. ಡ್ರೈವ್‌ನಲ್ಲಿ ಪ್ರತಿಯ ಪ್ರತಿ ಮಾಡಿದಾಗಲೆಲ್ಲ ಹೊಸ ಗುರುತುಸಂಖ್ಯೆ ಹುಟ್ಟುತ್ತದೆ. ಒಂದನ್ನು ತೆಗೆಸಿದರೆ ಇನ್ನೊಂದು ಹೋಗದು. ಗೂಗಲ್‌ನಲ್ಲಿ ಹುಡುಕಾಟಕ್ಕೆ, ಡ್ರೈವ್‌ಗೆ, ಬ್ಲಾಗರ್‌ಗೆ ಬೇರೆ ಬೇರೆ ಅರ್ಜಿ. ಹುಡುಕಾಟದಿಂದ ತೆಗೆದರೆ ಫಲಿತಾಂಶ ಮಾಯವಾಗುತ್ತದೆಯೇ ಹೊರತು ಕಡತ ಅಲ್ಲೇ ಇರುತ್ತದೆ. ಅದನ್ನೇ ಗೆಲುವು ಅಂದುಕೊಂಡು ಕೈಬಿಡುವವರು ಬಹಳ.

ಕಳಿಸುವವರ ಹೆಸರು ಅಪ್‌ಲೋಡ್ ಮಾಡಿದವರಿಗೆ ತಲುಪಬಹುದು, ಗೂಗಲ್‌ಗೆ ಹೋದದ್ದು, ಇಂಥ ನೋಟಿಸ್‌ಗಳನ್ನು ಸಾರ್ವಜನಿಕವಾಗಿ ಇಡುವ ಲ್ಯೂಮೆನ್ ದತ್ತಸಂಚಯದಲ್ಲೂ ಕಾಣಬಹುದು. ಹಿರಿಯರ ಮನೆ ವಿಳಾಸ, ಫೋನ್ ಹಾಕುವ ಬದಲು ಅಧಿಕಾರಪತ್ರ ಬರೆಸಿಕೊಂಡು ಬೇರೆ ಅಂಚೆ ವಿಳಾಸದಿಂದ ಕಳಿಸುವುದು ಒಳ್ಳೆಯದು.

ಎದುರಾಳಿ ಪ್ರತಿ-ನೋಟಿಸ್ ಕೊಟ್ಟರೆ, ದಾವೆ ಹೂಡಿದ್ದಕ್ಕೆ ಪುರಾವೆ ಬಾರದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಕಡತ ಮರಳುತ್ತದೆ. ಯೂಟ್ಯೂಬ್ ವಾಚನಗಳಲ್ಲಿ ಇದರ ಸಂಭವ ಹೆಚ್ಚು. "ದನಿ ನನ್ನದು" ಎಂಬ ವಾದ. ದನಿ ಅವರದೇ, ಕಥೆ ಅಲ್ಲ. ಅಲ್ಲಿ ನೇರ ಸ್ಟ್ರೈಕ್ (ಚಾನೆಲ್ ಮೇಲೆ ಬೀಳುವ ದಂಡದ ಗುರುತು) ಬದಲು 7 ದಿನದ ಮುಂಗಡ ಸೂಚನೆ ಆರಿಸಬಹುದು. ಕನ್ನಡದ ಮೇಲಿನ ಪ್ರೀತಿಗೆ ಓದುವವರೇ ಇಲ್ಲಿ ಹೆಚ್ಚಾದ್ದರಿಂದ ಅದೇ ಸರಿಯಾದ ದಾರಿ ಅನ್ನಿಸುತ್ತದೆ.

ಭಾರತದ ದಾರಿ ಬೇರೆ. ಕೃತಿಸ್ವಾಮ್ಯ ಕಾಯಿದೆಯ 52(1)(ಸಿ) ಕಲಂ ಮತ್ತು 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ 75ನೆಯದು. ದೂರು ಮೇಲ್ನೋಟಕ್ಕೆ ಸರಿಯೆನಿಸಿದರೆ ತಾಣದವರು 36 ಗಂಟೆಯೊಳಗೆ ಕಡತ ತಡೆಯಬೇಕು; ಆದರೆ ತಡೆ 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ಕೋರ್ಟ್ ಆದೇಶ ತರುತ್ತೇವೆಂದು ದೂರಿನಲ್ಲೇ ಮುಚ್ಚಳಿಕೆ ಬರೆಯಬೇಕು, ತರದಿದ್ದರೆ ಕಡತ ಮತ್ತೆ ತೆರೆಯಬಹುದು. ಸಹಿ ಹಕ್ಕುದಾರರದೇ ಅಥವಾ ಏಕಮಾತ್ರ ಪರವಾನಗಿದಾರರದೇ ಆಗಿರಲಿ. ದಾವೆಗೆ ಸಿದ್ಧರಿಲ್ಲದವರು ಈ ದಾರಿ ಹಿಡಿಯಬಾರದು. ಸಿದ್ಧರಿದ್ದರೆ 62ನೇ ಕಲಂ ಲೇಖಕರಿಗೆ ತಾವಿರುವ ಊರಿನಲ್ಲೇ ದಾವೆ ಹೂಡುವ ಅವಕಾಶ ಕೊಡುತ್ತದೆ. ಖಾಸಗಿ ಟೆಲಿಗ್ರಾಮ್ ಚಾನೆಲ್ ನಡೆಸುವವರ ಗುರುತು ಬೇಕಿದ್ದರೆ ಕೋರ್ಟೇ ಗತಿ. 2022ರಲ್ಲಿ ದೆಹಲಿ ಹೈಕೋರ್ಟ್ ಅಂಥ ವಿವರ ಕೊಡುವಂತೆ ಟೆಲಿಗ್ರಾಮ್‌ಗೆ ಆದೇಶಿಸಿದ್ದು ಈಗ ಆಧಾರವಾಗಿ ಸಿಗುತ್ತದೆ.

ಬಾಕಿ

ಜಗ್ಗದ ಆ ತಾಣ, ತಾಣಕ್ಕೂ ಓದುಗರಿಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್ ಎಂಬ ಸೇವೆಯ ಹಿಂದಿದೆ. ಹೆಸರು ಹುಡುಕಿದರೆ ಸಿಗುವುದು ಕ್ಲೌಡ್‌ಫ್ಲೇರ್‌ನ ಐಪಿ, ಕಡತ ಇರುವ ಸರ್ವರಿನದಲ್ಲ. ಅವರ ದೂರು ಅರ್ಜಿ ತುಂಬಿದಾಗ ದೂರು ಹೋಸ್ಟಿಗೆ, ಅಂದರೆ ಕಡತ ಇರುವ ಸರ್ವರಿನ ಕಂಪನಿಗೆ, ರವಾನೆಯಾಗಿ, ಹೋಸ್ಟ್ ಯಾರೆಂಬುದು ದೂರುದಾರರಿಗೆ ತಿಳಿಯುತ್ತದೆ. ಹೋಸ್ಟ್ ಉತ್ತರಿಸುತ್ತಿಲ್ಲ. ಮುಂದಿನ ಮೆಟ್ಟಿಲು, ಹೋಸ್ಟಿಗೆ ಜಾಲ ಒದಗಿಸುವ ಸಂಸ್ಥೆಯ ದುರ್ಬಳಕೆ ವಿಳಾಸ; ಹೋಸ್ಟಿನ ಐಪಿ ಯಾರದೆಂದು ತೋರಿಸುವ ಹೂಈಸ್ ದಾಖಲೆಯಲ್ಲಿ ಅದು ಇರುತ್ತದೆ. ಜತೆಗೆ ತಾಣದ ಡೊಮೈನ್ ಹೆಸರು ನೋಂದಾಯಿಸಿಕೊಟ್ಟ ಕಂಪನಿಗೆ ಒಂದು ಪತ್ರ, ಪುಟದಲ್ಲಿ ಜಾಹೀರಾತು ಹಾಕುವ ಕಂಪನಿಗೆ ಇನ್ನೊಂದು. ಇವರಲ್ಲಿ ನೋಂದಣಿ ಕಂಪನಿಯವರು ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತಾರೆ, ಜಾಹೀರಾತಿನವರು ಬೇಗ ಓಗೊಡುತ್ತಾರೆ. ಆ ತಾಣದ ಪುಟಗಳನ್ನು ಗೂಗಲ್ ಹುಡುಕಾಟದಿಂದ ತೆಗೆಸುವ ಅರ್ಜಿಯೂ ಇದೇ ಹೊತ್ತಿಗೆ ಹೋಗಬೇಕು.

ವಾಟ್ಸ್ಯಾಪ್ ಗುಂಪುಗಳಿಗೆ ಈ ದಾರಿಯಿಲ್ಲ; ಸಂದೇಶದ ಒಳಗಿರುವುದು ಕಂಪನಿಗೂ ಕಾಣದು. ಗುಂಪಿನ ಅಡ್ಮಿನ್‌ಗೆ ನೇರ ಬರೆಯುವುದೇ ಉಳಿದ ಉಪಾಯ. ಅದರ ಮಾದರಿ ಪತ್ರ, ಡೊಂಬಿವಲಿ ಕಡೆಯ ಲೇಖಕರಿಂದ ಬರಬೇಕಾದ ಅಧಿಕಾರಪತ್ರಗಳು ಮತ್ತು ಎರಡು ಅನುವಾದಗಳ ಮರಾಠಿ ಅನುಮತಿ ಪತ್ರ, ಇಷ್ಟು ಮುಂದಿನ ಸುತ್ತಿಗೆ.