ವಿಕಲಚೇತನ ಮಕ್ಕಳ ಆಟದ ಪೀರಿಯಡ್: ಏನನ್ನು ಬದಲಿಸಬೇಕು, ಎಷ್ಟು ಬದಲಿಸಬೇಕು

ಆಟದ ಪೀರಿಯಡ್ಡಿನಲ್ಲಿ ವಿಕಲಚೇತನ ಮಗುವಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಚೆಂಡು, ನಿಯಮ, ದೂರ, ತಂಡ ಎಲ್ಲವನ್ನೂ ಒಂದೇ ದಿನ ಬದಲಿಸಿ, ಯಾವ ಮಗುವಿಗೂ ಬೇಡದ ಆಟವೊಂದನ್ನು ಉಳಿಸುವವರೂ ಇದ್ದಾರೆ. ಮಗು ಆಟದ ಯಾವ ಹಂತದಲ್ಲಿ ತೊಡಕಿಗೆ ಸಿಲುಕುತ್ತದೆ ಎಂದು ಗುರುತಿಸಿ ಅಲ್ಲಿ ಮಾತ್ರ ಕೈ ಹಾಕುವುದು ಇವೆರಡಕ್ಕಿಂತ ಹೆಚ್ಚು ಶ್ರಮದ ಕೆಲಸ. ಆದರೆ ಫಲ ಕೊಡುವುದು ಅದೇ.

ಚೆಂಡು ಹಿಡಿಯುವುದನ್ನೇ ನೋಡಿ. ಕಣ್ಣು ಚೆಂಡಿನ ಹಾದಿಯನ್ನು ಹಿಂಬಾಲಿಸಬೇಕು, ಕೈ ಸರಿಯಾದ ಜಾಗಕ್ಕೆ ಬರಬೇಕು, ಬೆರಳು ಮುಚ್ಚಬೇಕು. ಕೈ ತಡವಾಗಿ ಬರುತ್ತಿದ್ದರೆ ತೊಂದರೆ ವೇಗದ್ದು. ನಿಧಾನವಾಗಿ ತೇಲಿ ಬರುವ ಬೀಚ್ ಬಾಲ್ ಕೊಡಿ, ಇಲ್ಲವೇ ಚೆಂಡನ್ನು ನೆಲದ ಮೇಲೆ ಉರುಳಿಸಿ. ಕೈ ಸರಿಯಾಗಿ ಬಂದರೂ ಚೆಂಡು ಪುಟಿದು ಹೋಗುತ್ತಿದ್ದರೆ ತೊಂದರೆ ಹಿಡಿತದ್ದು. ಅರ್ಧ ಗಾಳಿ ತೆಗೆದ ಚೆಂಡು ಅಥವಾ ಕಾಳು ತುಂಬಿದ ಪುಟ್ಟ ಬಟ್ಟೆ ಚೀಲ ಸಾಕು. ಮಗು ಮುಖ ತಿರುಗಿಸುತ್ತಿದ್ದರೆ ಅದು ಹೆದರಿಕೆ. ಸ್ಪಂಜಿನ ಚೆಂಡು ಬೇಕು. ಚೆಂಡು ಕಣ್ಣಿಗೆ ಬೀಳುವುದೇ ತಡವಾಗುತ್ತಿದ್ದರೆ ಚೆಂಡಿನ ಬಣ್ಣವನ್ನೂ ಹಿಂದಿನ ಗೋಡೆಯ ಬಣ್ಣವನ್ನೂ ಹೋಲಿಸಿ ನೋಡಿ. ಈ ನಾಲ್ಕಕ್ಕೂ ದೊಡ್ಡ ಚೆಂಡೇ ಮದ್ದು ಎಂದುಕೊಳ್ಳುವವರು ಬಹಳ. ದೊಡ್ಡ ಚೆಂಡಿನಿಂದ ಮಗು ತೋಳಲ್ಲಿ ಅವುಚಿಕೊಳ್ಳಲು ಕಲಿಯುತ್ತದೆ, ಬೆರಳಿಗೆ ಕೆಲಸವೇ ಬೀಳುವುದಿಲ್ಲ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಎಷ್ಟೋ ಮಕ್ಕಳಿಗೆ ಹಿಡಿದದ್ದನ್ನು ಬಿಡುವುದೇ ಕಷ್ಟ. ಚಳಿ, ಹಠಾತ್ ಶಬ್ದ, ಅವಸರ ಮೂರೂ ಸ್ನಾಯುಗಳನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಹಾಗಾಗಿ ಎಸೆಯುವ ಹೊತ್ತಿಗೆ ಪಕ್ಕದಲ್ಲಿ ನಿಂತು ‘ಬೇಗ, ಬೇಗ’ ಎಂದು ಕೂಗಿದರೆ ಬೆರಳು ಬಿಚ್ಚುವುದೇ ಇಲ್ಲ. ವಾರ್ಮಪ್‌ಗೆ ಉಳಿದವರಿಗಿಂತ ಹೆಚ್ಚು ಸಮಯ ಕೊಡಿ. ಕೈಕಾಲು ಚಾಚಿಸುವಾಗ ಜಗ್ಗದೆ, ನಿಧಾನವಾಗಿ ಚಾಚಿಸಿ ಹಾಗೇ ಹಿಡಿದಿಡಿ.

ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಕಳಿಸುವ ಬೋಚಾ ಆಟದಲ್ಲಿ, ಎಸೆಯಲು ಆಗದವರಿಗೆ ಚೆಂಡು ಉರುಳಿಬಿಡುವ ರ‍್ಯಾಂಪ್ ಇದೆ. ಶಾಲೆಯಲ್ಲೇ ಮಾಡಿಕೊಳ್ಳಬೇಕೆಂದರೆ 110 ಮಿ.ಮೀ. ವ್ಯಾಸದ ಪಿವಿಸಿ ಪೈಪನ್ನು ಸುಮಾರು ಒಂದೂವರೆ ಮೀಟರ್ ಕತ್ತರಿಸಿ, ಉದ್ದಕ್ಕೆ ಸೀಳಿ, ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ. ಬೋಚಾ ಚೆಂಡಿನ ಸುತ್ತಳತೆ ಸುಮಾರು 27 ಸೆಂ.ಮೀ.; ಈ ದೋಣಿಯಲ್ಲಿ ಸರಾಗವಾಗಿ ಇಳಿಯುತ್ತದೆ. ಎಷ್ಟು ಮೇಲಿಂದ ಬಿಟ್ಟರೆ ಎಷ್ಟು ದೂರ ಹೋಗುತ್ತದೆ ಎಂದು ಪೈಪಿನ ಮೇಲೆ ಬಣ್ಣದ ಟೇಪಿನಿಂದ ಗುರುತು ಹಾಕಿಡಿ. ಪೈಪಿಗಿಂತ ಮುಖ್ಯವಾದದ್ದು ಆ ಆಟದ ಒಂದು ನಿಯಮ: ರ‍್ಯಾಂಪ್ ಹಿಡಿಯುವ ಸಹಾಯಕರು ಅಂಕಣಕ್ಕೆ ಬೆನ್ನು ಹಾಕಿಯೇ ಇರಬೇಕು. ಎತ್ತ ತಿರುಗಿಸಬೇಕು ಎಂದು ಹೇಳುವುದೂ ಚೆಂಡನ್ನು ಬಿಡುವುದೂ ಆಟಗಾರರೇ. ಸಹಾಯ ಎಲ್ಲಿಗೆ ನಿಲ್ಲಬೇಕು ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ನಿಯಮ ಇನ್ನೊಂದಿಲ್ಲ.

ವ್ಹೀಲ್‌ಚೇರ್ ಟೆನಿಸ್‌ನಲ್ಲಿ ಚೆಂಡು ಎರಡು ಸಲ ಪುಟಿಯಬಹುದು. ಆಟಕ್ಕೆ ಮಾಡಿರುವ ದೊಡ್ಡ ಬದಲಾವಣೆ ಅದೊಂದೇ. ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್‌ನ ರಿಂಗ್ ಮಾಮೂಲಿ ಆಟದಂತೆ 3.05 ಮೀಟರ್ ಎತ್ತರದಲ್ಲೇ ಇದೆ. ಕೂತು ಆಡುವ ವಾಲಿಬಾಲ್‌ನಲ್ಲಿ ಅಂಕಣ 10×6 ಮೀಟರ್, ನೆಟ್ಟಿನ ಎತ್ತರ ಪುರುಷರಿಗೆ 1.15, ಮಹಿಳೆಯರಿಗೆ 1.05 ಮೀಟರ್. ಇಡೀ ತರಗತಿಯನ್ನೇ ನೆಲಕ್ಕೆ ಕೂರಿಸಿ ಇದನ್ನು ಆಡಿಸಿದರೆ, ಕೈಬಲದಿಂದ ಸರಿದಾಡುವ ಅಭ್ಯಾಸ ಇರುವ ಮಗು ಮುಂದೆ, ಉಳಿದವರು ಹಿಂದೆ. ಹಾರುವುದನ್ನು ಕಲಿಸುವಾಗ ಹಗ್ಗವನ್ನು ಒಂದೇ ಎತ್ತರಕ್ಕೆ ಕಟ್ಟಬೇಡಿ. ಒಂದು ತುದಿ ನೆಲಮಟ್ಟಕ್ಕೆ, ಇನ್ನೊಂದು ತುದಿ ಸೊಂಟಮಟ್ಟಕ್ಕೆ ಇರಲಿ. ಎಲ್ಲಿ ದಾಟಬೇಕು ಎಂಬುದನ್ನು ಮಗುವೇ ಆರಿಸಿಕೊಳ್ಳಲಿ, ಯಾರೂ ಔಟಾಗುವುದಿಲ್ಲ. ಔಟಾದವರು ಹೊರಗೆ ಕೂರುವ ಆಟಗಳಲ್ಲಿ ಅಭ್ಯಾಸ ಹೆಚ್ಚು ಬೇಕಾದ ಮಗುವೇ ಮೊದಲು ಹೊರಗೆ ಹೋಗುತ್ತದೆ, ಅಂಥ ಆಟಗಳನ್ನು ಕೈಬಿಟ್ಟರೆ ನಷ್ಟವೇನಿಲ್ಲ.

ಕಣ್ಣು ಕಾಣದ ಮಕ್ಕಳಿಗೆ ಗೆಜ್ಜೆ ಚೆಂಡು ತರಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ಉರುಳುವಷ್ಟು ಹೊತ್ತು ಮಾತ್ರ ಸದ್ದು ಮಾಡುತ್ತದೆ, ನಿಂತ ಮೇಲೆ ಎಲ್ಲಿದೆಯೋ ಗೊತ್ತಾಗದು. ಕಣ್ಣು ಕಾಣದವರಿಗೆಂದೇ ಇರುವ ಗೋಲ್‌ಬಾಲ್ ಆಟ ನೆಲದ ಮೇಲೆ ಉರುಳುವ 1.25 ಕಿಲೋ ಚೆಂಡಿನದಾಗಿರುವುದೂ, ಆಟ ನಡೆಯುವಾಗ ಪ್ರೇಕ್ಷಕರು ಸದ್ದು ಮಾಡುವಂತಿಲ್ಲ ಎಂಬ ನಿಯಮವೂ ಇದಕ್ಕೇ. ಅಲ್ಲಿ ಗೆರೆಗಳ ಟೇಪಿನಡಿ ದಾರ ಇರುತ್ತದೆ, ಬೆರಳಿಗೆ ತಾಗಿ ಜಾಗ ತಿಳಿಯುತ್ತದೆ. ಗೆಜ್ಜೆ ಚೆಂಡು ಇಲ್ಲದಿದ್ದರೆ ಮಾಮೂಲಿ ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಸರಸರ ಸದ್ದು ಚೆನ್ನಾಗಿಯೇ ಕೇಳುತ್ತದೆ. ಓಟಕ್ಕೆ ಎರಡು ಕಂಬಗಳ ನಡುವೆ ಸೊಂಟದೆತ್ತರಕ್ಕೆ ಹಗ್ಗ ಬಿಗಿದು, ಅದರಲ್ಲಿ ಜಾರುವ ಬಳೆಯನ್ನು ಮಗು ಹಿಡಿದು ಓಡಲಿ. ಹಗ್ಗ ಸಡಿಲವಾದರೆ ಮಗು ಅಡ್ಡ ಸರಿಯುತ್ತದೆ. ಕೊನೆಯ ಕಂಬಕ್ಕೆ 2–3 ಮೀಟರ್ ಇರುವಾಗಲೇ ಬಳೆ ತಡೆಯುವಂಥ ದಪ್ಪ ಗಂಟು ಹಾಕುವುದನ್ನು ಮರೆತರೆ ಮಗು ಕಂಬಕ್ಕೆ ಬಡಿಯುತ್ತದೆ, ಮತ್ತೆ ಪೂರ್ತಿ ವೇಗದಲ್ಲಿ ಓಡಲು ಹೆದರುತ್ತದೆ.

ಕಿವಿ ಕೇಳದ ಮಕ್ಕಳ ವಿಷಯ ಸುಲಭ, ಆದರೂ ತಪ್ಪುತ್ತಾರೆ: ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ಮುಖ ಕಾಣುವುದಿಲ್ಲ. ಮೊದಲು ಹೇಳಿ, ಆಮೇಲೆ ಮಾಡಿ ತೋರಿಸಿ. ಎರಡನ್ನೂ ಒಟ್ಟಿಗೆ ನೋಡಲಾಗದು. ವಿಸಿಲ್ ಜೊತೆ ಬಾವುಟವೂ ಇರಲಿ.

ಆಟಿಸಂ ಇರುವ ಮಗುವಿಗೆ ಬಹಳ ಸಲ ವಿಸಿಲ್ ತಾನೇ ತೊಂದರೆ. ಇನ್ನೊಂದು ತೊಂದರೆ ಕೊನೆ ಕಾಣದ ಕೆಲಸ. ‘ನಾನು ಹೇಳುವ ತನಕ ಓಡು’ ಎಂದರೆ ಮಗು ನಿಂತುಬಿಡುತ್ತದೆ. ಒಂದು ಕೋನಿನ ಮೇಲೆ ಐದು ಬಳೆ ಇಡಿ. ಸುತ್ತು ಮುಗಿದಾಗಲೆಲ್ಲ ಒಂದನ್ನು ಪಕ್ಕದ ಕೋನಿಗೆ ಹಾಕಲಿ. ಬಳೆ ಖಾಲಿಯಾದರೆ ಓಟ ಮುಗಿದಂತೆ.

ಇನ್ನು ಮಾಡಲೇಬಾರದ ಸಂಗತಿಗಳು. ಇವುಗಳನ್ನು ಮಗುವಿನ ವೈದ್ಯರಲ್ಲಿ, ಮನೆಯವರಲ್ಲಿ ಕೇಳಿ ತಿಳಿದ ಮೇಲೆಯೇ ಚೆಂಡು ಮುಟ್ಟಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವಿನ ಕೀಲು ಸಡಿಲವಿರುತ್ತದೆ; ವೈದ್ಯರ ಒಪ್ಪಿಗೆ ಇಲ್ಲದೆ ಲಾಗ, ಶೀರ್ಷಾಸನ, ತಲೆ ಮುಂದಾಗಿ ನೀರಿಗೆ ಧುಮುಕುವುದು ಬೇಡ. ಕತ್ತು ನೋವು, ತಲೆ ಓರೆಯಾಗುವುದು, ನಡಿಗೆ ಬದಲಾಗುವುದು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಆಟ ನಿಲ್ಲಿಸಿ ವೈದ್ಯರಲ್ಲಿಗೆ ಕಳಿಸಿ. ಸ್ಪೈನಾ ಬಿಫಿಡಾ (ಹುಟ್ಟುವಾಗಲೇ ಬೆನ್ನೆಲುಬು ಪೂರ್ತಿ ಮುಚ್ಚಿರದ ಸ್ಥಿತಿ) ಇರುವ ಮಕ್ಕಳಲ್ಲಿ ಲೇಟೆಕ್ಸ್, ಅಂದರೆ ಬಲೂನಿನ ರಬ್ಬರಿನ ಅಲರ್ಜಿ ಹೆಚ್ಚು. ನಿಧಾನ ತೇಲುತ್ತದೆ ಎಂದು ಎಲ್ಲರೂ ಸಲಹೆ ಕೊಡುವ ಬಲೂನು ಇವರಿಗೆ ಅಪಾಯ; ಪ್ಲಾಸ್ಟಿಕ್ಕಿನ ಬೀಚ್ ಬಾಲ್ ಸಾಕು. ತಲೆಯಲ್ಲಿ ಶಂಟ್ (ಮಿದುಳಿನ ಹೆಚ್ಚುವರಿ ನೀರನ್ನು ಹೊರಕ್ಕೆ ಹರಿಸುವ ನಳಿಕೆ) ಇದ್ದರೆ ತಲೆಗೆ ಪೆಟ್ಟು ಬೀಳುವ ಆಟ ಬೇಡ.

ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದ ಮಗುವಿನ ನಾಡಿಬಡಿತ ಉಳಿದವರಷ್ಟು ಏರದಿರಬಹುದು. ನಾಡಿ ಎಣಿಸಿ ಸುಸ್ತು ಅಳೆಯಬೇಡಿ, ಎಷ್ಟು ಕಷ್ಟವಾಗುತ್ತಿದೆ ಎಂದು ಕೇಳಿ. ಪೆಟ್ಟಾದ ಜಾಗದ ಕೆಳಗೆ ಬೆವರದೆ ಮೈ ಬಿಸಿಯೇರುತ್ತದೆ, ಹಾಗಾಗಿ ನೆರಳು, ಒದ್ದೆ ಬಟ್ಟೆ, ನೀರು ಹತ್ತಿರವೇ ಇರಲಿ. ಹಠಾತ್ತಾಗಿ ಜೋರು ತಲೆನೋವು ಬಂದು ಮುಖ ಕೆಂಪೇರಿದರೆ ರಕ್ತದೊತ್ತಡ ಏರಿರಬಹುದು: ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಬೆಲ್ಟು ಪಟ್ಟಿ ಸಡಿಲಿಸಿ, ಮೂತ್ರಕ್ಕೆ ನಳಿಕೆ ಹಾಕಿದ್ದರೆ ಅದು ಮಡಚಿದೆಯೇ ನೋಡಿ, ತಕ್ಷಣ ವೈದ್ಯಕೀಯ ನೆರವು ಕರೆಸಿ. ಡುಶೆನ್ ಸ್ನಾಯುಕ್ಷಯ ಇರುವ ಮಗುವಿಗೆ ‘ಇನ್ನೊಂದು ಸುತ್ತು’ ಎಂಬ ಹುರಿದುಂಬಿಕೆಯೇ ಕೆಡುಕು; ಮೆಟ್ಟಿಲು ಇಳಿಯುವುದು, ಹಾರಿ ನೆಲಕ್ಕೆ ಬೀಳುವುದು ಸ್ನಾಯುವನ್ನು ಹರಿಯುತ್ತವೆ, ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಮೂರ್ಛೆ ರೋಗ ಇರುವ ಮಗು ಈಜಬಹುದು, ಆದರೆ ಅದೊಂದೇ ಮಗುವಿನ ಮೇಲೆ ಕಣ್ಣಿಟ್ಟ ಒಬ್ಬರು ಹತ್ತಿರವೇ ಇರಬೇಕು.

ಸಹಾಯಕರಿಗೆ ಒಂದು ಮಾತು. ಹೇಳಿದ ಮೇಲೆ 5–10 ಸೆಕೆಂಡ್ ಸುಮ್ಮನಿರಿ. ಆಗದಿದ್ದರೆ ಮಾಡಿ ತೋರಿಸಿ. ಆಗಲೂ ಆಗದಿದ್ದರೆ ಮಗುವನ್ನು ಕೇಳಿ ಕೈ ಹಿಡಿದು ಮಾಡಿಸಿ, ಮುಂದಿನ ಸಲ ಆ ಹಿಡಿತ ಮೊಣಕೈಗೆ, ಆಮೇಲೆ ಭುಜಕ್ಕೆ ಸರಿಯಲಿ. ಗಾಲಿಕುರ್ಚಿಯನ್ನು ತಳ್ಳಿಕೊಂಡು ಓಡುವ ಗೆಳೆಯನಿಗೆ ಒಳ್ಳೆಯ ವ್ಯಾಯಾಮವಾಗುತ್ತದೆ, ಕೂತವನಿಗಲ್ಲ. ಎಸೆಯುವಾಗ ಬ್ರೇಕ್ ಹಾಕಿರಲಿ. ಚಕ್ರದ ಗಾಳಿ ವಾರಕ್ಕೊಮ್ಮೆ ನೋಡಿ, ಗಾಳಿ ಕಡಿಮೆಯಾದ ಕುರ್ಚಿ ಭುಜಕ್ಕೆ ಭಾರ.

ದಾಖಲೆಯಲ್ಲಿ ‘ಚೆಂಡಾಟದಲ್ಲಿ ಸುಧಾರಣೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘3 ಮೀಟರ್ ದೂರದಿಂದ ಉರುಳಿಸಿದ, ಅರ್ಧ ಗಾಳಿಯ ಚೆಂಡನ್ನು 5ರಲ್ಲಿ 4 ಸಲ ಎರಡೂ ಕೈಯಿಂದ ನಿಲ್ಲಿಸುವುದು’ ಎಂದು ಬರೆಯಿರಿ. ಸತತ ಮೂರು ತರಗತಿಗಳಲ್ಲಿ ಅಷ್ಟಾದರೆ ಚೆಂಡಿಗೆ ಸ್ವಲ್ಪ ಗಾಳಿ ಹಾಕಿ, ದೂರ ಹಾಗೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ, ಮಗು ತಪ್ಪಿದಾಗ ಯಾವುದರಿಂದ ತಪ್ಪಿತು ಎಂದು ತಿಳಿಯುವುದಿಲ್ಲ.