ಬಿಸಿಯಾಗಿ ನಿಂತ ಪ್ರೋಬ್

ಯಾದಗಿರಿಯ ಮೇ ತಿಂಗಳು ಗೊತ್ತಲ್ವಾ? ಅವತ್ತು ಬೆಳಿಗ್ಗೆಯೇ ಕರೆಂಟ್ ಹೋಗಿ ಕೂಲರ್ ಬಂದ್ ಆಗಿತ್ತು. ಗುರುಮಠಕಲ್ ಕಡೆಯ ತಾಂಡಾದಿಂದ ಒಬ್ಬಾಕೆ ಬಂದಳು. ವಯಸ್ಸು ಇಪ್ಪತ್ತೈದರ ಆಸುಪಾಸು. ಚೀಲದ ತುಂಬ ಹಳೇ ಚೀಟಿಗಳು, ಎರಡು ಇನ್‌ಹೇಲರ್.

"ಹೊಲದಾಗ ನಾಕ್ ಹೆಜ್ಜಿ ನಡದ್ರ ದಮ್ಮ ಹತ್ತತದ್ರಿ."

ಚೀಟಿಗಳಲ್ಲೆಲ್ಲ ಅಸ್ತಮಾ. ಅದರಲ್ಲೊಂದು ನನ್ನದೇ, ಹೋದ ಚಳಿಗಾಲದ್ದು.

ಈ ಸಲ ಕೈಯಲ್ಲಿ ಸ್ಕ್ಯಾನಿಂಗ್ ಮಾಡುವ ಪುಟ್ಟ ಅಲ್ಟ್ರಾಸೌಂಡ್ ಪ್ರೋಬ್ ಇತ್ತು. ಗಡ್ಡದ ಟ್ರಿಮ್ಮರ್‌ನಷ್ಟು ಗಾತ್ರ, ವೈರ್ ಮೊಬೈಲಿಗೆ. ನರ್ಸ್ ಪರದೆ ಎಳೆದು ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿದರು. "ಹೊಟ್ಟಿ ಮ್ಯಾಲ ಅಲ್ಲೇನ್ರಿ?" ಅಂದಳು. ಸ್ಕ್ಯಾನಿಂಗ್ ಅಂದ್ರೆ ಹೊಟ್ಟೆಗೇ ಅಂತ ಆಕೆಯ ಲೆಕ್ಕ. ಸರ್ಕಾರದ ಚಿಂತೆಯೂ ಅದೇ ಬಿಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ, ಕಿಸೆಯಲ್ಲಿ ಹಿಡಿಸುವ ಯಂತ್ರಕ್ಕೂ ನೋಂದಣಿ ಬೇಕು.

ಜೆಲ್ ಹಚ್ಚಿ ಪಕ್ಕೆಲುಬಿನ ಸಂದಿಯಲ್ಲಿಟ್ಟೆ. ಮೊದಲು ಬರೀ ಬೂದು ಮಂಜು. ಮಣಿಕಟ್ಟು ಒಂಚೂರು ತಿರುಗಿಸಿದಾಗ ಹೃದಯ ಕಂಡಿತು. ಪಂಪಿಂಗ್ ಚೆನ್ನಾಗಿಯೇ ಇತ್ತು. 'ಸುಮ್ನೆ ಗಾಬರಿಯಾದೆ' ಅಂದುಕೊಳ್ಳುವಷ್ಟರಲ್ಲಿ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು, ಮೈಟ್ರಲ್ ಕವಾಟದ ಮೇಲೆ ಕಣ್ಣು ಹೋಯಿತು. ಅದರ ಎಸಳು ಪಟಪಟ ತೆರೆಯಬೇಕು. ಇದು ತುದಿಯಲ್ಲಿ ಅಂಟಿಕೊಂಡು, ಹಾಕಿ ಸ್ಟಿಕ್ಕಿನ ಹಾಗೆ ಬಾಗಿ ನಿಲ್ಲುತ್ತಿತ್ತು. ರಕ್ತ ಸಲೀಸಾಗಿ ಮುಂದೆ ಹೋಗದೆ ಹಿಂದಿನ ಕೋಣೆ, ಎಡ ಹೃತ್ಕರ್ಣ, ಊದಿತ್ತು. ಆ ಒತ್ತಡ ಶ್ವಾಸಕೋಶಕ್ಕೆ ತಟ್ಟಿಯೇ ದಮ್ಮು.

ಅಷ್ಟರಲ್ಲಿ ಚಿತ್ರ ನಿಂತಿತು. ಪ್ರೋಬ್ ಬಿಸಿಯಾಗಿದೆ, ತಣ್ಣಗಾಗಲಿ ಅಂತ ಮೊಬೈಲ್ ಹೇಳಿತು. ಹತ್ತು ನಿಮಿಷ ರಟ್ಟಿನಿಂದ ಅದಕ್ಕೆ ಗಾಳಿ ಹಾಕುತ್ತಾ ಕೂತೆ. ಸುಮ್ಮನಿರಲಾರದೆ ಕೇಳಿದೆ: ಸಣ್ಣಾಕಿದ್ದಾಗ ಮೊಣಕಾಲು ಬಾತಿದ್ವಾ?

"ಹೌದ್ರಿ. ಜ್ವರ ಬಂದು ಒಂದ್ ತಿಂಗಳ ಮಲಗಿದ್ದೆ. ಅವ್ವ ಹರಕಿ ಹೊತ್ತಿದ್ಳು."

ರುಮ್ಯಾಟಿಕ್ ಜ್ವರ. ಗಂಟಲು ನೋವಿನಿಂದ ಶುರುವಾಗಿ, ಕೀಲು ಹಿಡಿದು, ಕೊನೆಗೆ ಕವಾಟ ಕೆಡಿಸುತ್ತೆ. ಈ ಪ್ರಶ್ನೆಗೆ ಯಂತ್ರ ಬೇಕಿರಲಿಲ್ಲ. ಚಳಿಗಾಲದಲ್ಲೇ ಕೇಳಬಹುದಿತ್ತು. ಕವಾಟದ ಗುಡುಗುಡು ಸದ್ದನ್ನೂ ಕೇಳಬಹುದಿತ್ತೇನೋ, ಹೀಗೇ ಎಡಮಗ್ಗುಲಿಗೆ ಮಲಗಿಸಿ, ಸ್ಟೆತಸ್ಕೋಪಿನ ಬೆಲ್ ಇಟ್ಟು. ಓಪಿಡಿ ಜಾಸ್ತಿ ಇತ್ತು, ಕೂತಲ್ಲೇ ನೋಡಿ ಕಳಿಸಿದ್ದೆ.

ಕವಾಟ ಎಷ್ಟು ಕಿರಿದಾಗಿದೆ ಅಂತ ಅಳೆಯೋದು ನನ್ನ ಪ್ರೋಬಿನಿಂದ ಆಗದ ಕೆಲಸ. ಪೂರ್ತಿ ಎಕೋ, ಅಂದ್ರೆ ದೊಡ್ಡ ಯಂತ್ರದಲ್ಲಿ ಹೃದಯದ ಸ್ಕ್ಯಾನ್, ಬೇಕು. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಪತ್ರ ಬರೆದೆ. ಕವಾಟ ಒಪ್ಪುವಂತಿದ್ದರೆ, ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಬಿಡಿಸುತ್ತಾರೆ, ಎದೆ ಕೊಯ್ಯೋದಿಲ್ಲ ಅಂತ ಹೇಳಿದೆ. ಅಸ್ತಮಾ ಅಂತ ತಪ್ಪು ಬರೆದವರಲ್ಲಿ ನಾನೂ ಒಬ್ಬ ಅಂತಲೂ ಹೇಳಿದೆ.

ಆಕೆ ಇನ್‌ಹೇಲರ್ ಎರಡೂ ನನ್ನ ಟೇಬಲ್ ಮೇಲಿಟ್ಟಳು. "ಹಂಗಾರ ಇವು ನಿಮ್ಮಂತೇಕೇ ಇರ್ಲಿ ತಗೋರಿ."